ಇದು ಮನಿ ಅಲ್ಲೇನ್ರೀ?

ಕಳೆದ ಎರಡು ತಿಂಗಳಲ್ಲಿ ಮೂರು ದಂಪತಿಗಳು ಫೋನ್ ಮಾಡಿ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಮೂವರೂ ನಮ್ಮಂತೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು, ಭಾರತದಿಂದ ಮಕ್ಕಳನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿದವರು. ಮಕ್ಕಳು ಕೈಗೆ ಬಂದ ಮೇಲೂ ಆದೇಶ, ಪಾಸ್‌ಪೋರ್ಟ್, ವೀಸಾ ಎಂದು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಬೇಕಾಗುತ್ತದಲ್ಲ, ಆ ದಿನಗಳನ್ನು ಹೇಗೆ ಕಳೆದಿರಿ ಎಂಬುದು ಅವರ ಪ್ರಶ್ನೆ. ಫೋನಿನಲ್ಲಿ ನನಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ದಿನಗಳು ಬೇಗ ಕಳೆದರೆ ಸಾಕು ಎಂಬ ಮನಸ್ಸಿನಿಂದಲೇ ನಾವೂ ಹೊರಟಿದ್ದೆವು. ಅದು ಎಂಥ ತಪ್ಪು ಎಣಿಕೆಯಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಎನಿಸಿತು.

ನಮ್ಮ ಮಕ್ಕಳು ಒಡಹುಟ್ಟಿದವರು. ಅಕ್ಕನಿಗೆ ಆಗ ಆರೂವರೆ ವರ್ಷ, ತಮ್ಮನಿಗೆ ಮೂರು. ಉತ್ತರ ಕರ್ನಾಟಕದ ಒಂದು ಜಿಲ್ಲೆಯ ದತ್ತು ಕೇಂದ್ರದಲ್ಲಿದ್ದರು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬಂದ ಮೇಲೆ, ಅಂತಿಮ ಆದೇಶಕ್ಕೆ ಮೊದಲೇ ಮಕ್ಕಳನ್ನು ದತ್ತುಪೂರ್ವ ಪಾಲನೆಗೆಂದು ನಮ್ಮ ಬಳಿ ಇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಹಿಂದೆ ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಆದೇಶದ ನಂತರ ನಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಅದರ ಮೇಲೆ ಮಕ್ಕಳ ಭಾರತೀಯ ಪಾಸ್‌ಪೋರ್ಟ್, ದೇಶ ದೇಶಗಳ ನಡುವಿನ ದತ್ತು ಕುರಿತ ಹೇಗ್ ಒಪ್ಪಂದದ 23ನೇ ವಿಧಿಯಂತೆ ಕಾರಾ ಕೊಡುವ ಪ್ರಮಾಣಪತ್ರ, ಕೊನೆಗೆ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ವೀಸಾ. ಒಂದರ ಬೆನ್ನಿಗೆ ಒಂದು ಬರಬೇಕಾದ ಕಾಗದಗಳಿವು, ಯಾವುದನ್ನೂ ಹಾರಿಸುವಂತಿಲ್ಲ. ನಮ್ಮ ವಿಷಯದಲ್ಲಿ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ತಪ್ಪಾಗಿ, ಅದನ್ನು ತಿದ್ದಿಸುವುದಕ್ಕೇ ಹದಿನೇಳು ದಿನ ಹಿಡಿಯಿತು. ಒಟ್ಟು 96 ದಿನ.

ಬೆಂಗಳೂರಿನಲ್ಲಿ ನಮ್ಮ ಯಜಮಾನರ ಅಣ್ಣನ ಮನೆಯಿದೆ, ಮೈಸೂರಿನಲ್ಲಿ ಅತ್ತೆಯವರಿದ್ದಾರೆ. ಎರಡೂ ಕಡೆಯಿಂದ ಕರೆ ಬಂದರೂ ನಾವು ಧಾರವಾಡದಲ್ಲಿ, ಸಾಧನಕೇರಿಯ ಹತ್ತಿರ, ಎರಡು ಕೋಣೆಯ ಒಂದು ಬಾಡಿಗೆ ಮನೆ ಹಿಡಿದೆವು. ಆಗ ಅದಕ್ಕೆ ಕಾರಣ ಕಚೇರಿಗಳಿಗೆ ಓಡಾಡುವ ಅನುಕೂಲವಷ್ಟೇ ಆಗಿತ್ತು. ಆ ಪುಟ್ಟ ಮನೆಯೇ ನಮ್ಮನ್ನು ಕಾಪಾಡಿತೆಂದು ಈಗ ನಂಬುತ್ತೇನೆ, ಏಕೆಂದರೆ ಅಲ್ಲಿ ಮಕ್ಕಳ ಸುತ್ತ ಇದ್ದವರು ನಾವಿಬ್ಬರೇ, ಮತ್ತು ಬೀದಿಯಲ್ಲಿ ಕೇಳುತ್ತಿದ್ದದ್ದು ಅವರ ಕಿವಿಗೆ ಪರಿಚಿತವಾದ ಮಾತು.

ಮೊದಲ ವಾರದ ಒಂದು ಸಂಜೆಯನ್ನು ನಾನು ಮರೆಯಲಾರೆ. ಮಳೆ ಹಿಡಿದಿತ್ತು, ಮಕ್ಕಳು ಬೇಸತ್ತಿದ್ದರು. ಅವರನ್ನು ಸಂತೋಷಪಡಿಸಲೆಂದು ನಾನು ನಾರ್ತ್ ಕೆರೊಲೈನಾದ ನಮ್ಮ ಮನೆಯ ಚಿತ್ರಗಳನ್ನು ಫೋನಿನಲ್ಲಿ ತೋರಿಸುತ್ತಾ, ಇದು ನಿಮ್ಮ ಕೋಣೆ, ಇದು ಹಿತ್ತಲು, ಇನ್ನು ಸ್ವಲ್ಪ ದಿನಕ್ಕೆ ನಾವೆಲ್ಲ ಮನೆಗೆ ಹೋಗೋಣ ಎಂದು ಹುರುಪಿನಿಂದ ಹೇಳುತ್ತಿದ್ದೆ. ಮಗಳು ಚಿತ್ರವನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದಳು. “ಇದು ಮನಿ ಅಲ್ಲೇನ್ರೀ?” ಎಂದಳು. ನಾನು ತಡವರಿಸುತ್ತಿದ್ದಂತೆಯೇ, “ಮತ್ತ ಎಲ್ಲಿ ಕಳಸ್ತೀರಿ ನಮ್ಮನ್ನ?” ಎಂದು ಕೇಳಿದಳು.

ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಹುಟ್ಟಿದ ಮನೆಯಿಂದ ಒಂದು ಕಡೆಗೆ, ಅಲ್ಲಿಂದ ಕೇಂದ್ರಕ್ಕೆ, ಕೇಂದ್ರದಿಂದ ನಮ್ಮ ಬಳಿಗೆ, ಹೀಗೆ ಆ ಮಗು ಆಗಲೇ ಮೂರು ಸಲ ಗಂಟುಮೂಟೆ ಕಟ್ಟಿತ್ತು. ನಮಗೆ ‘ಮನೆಗೆ ಹೋಗೋಣ’ ಎಂಬುದು ಸಿಹಿಸುದ್ದಿ. ಅವಳಿಗೆ ಅದು ನಾಲ್ಕನೆಯ ಸಲ ಎಬ್ಬಿಸಿ ಕಳಿಸುವ ಮಾತು. ಮರುದಿನದಿಂದ ಆ ಮಾತನ್ನು ನಾವು ಆಡಲಿಲ್ಲ. ಧಾರವಾಡದ ಆ ಮನೆಯನ್ನೇ ಮನೆ ಎಂದೆವು. ಬಾಗಿಲ ಮುಂದೆ ಮಗಳ ಕೈಯಿಂದಲೇ ರಂಗೋಲಿಯ ಚುಕ್ಕಿ ಇಡಿಸಿದೆ. ಮೂರೇ ತಿಂಗಳಿಗೆಂದು ಕೊಳ್ಳಬೇಕೋ ಬೇಡವೋ ಎಂದುಕೊಂಡಿದ್ದ ತಟ್ಟೆ, ಲೋಟ, ಹಾಸಿಗೆಗಳನ್ನು ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಇಷ್ಟದ ಬಣ್ಣ ನೋಡಿ ಕೊಂಡೆವು. ಕಾಗದಪತ್ರಗಳ ವಿಷಯವನ್ನು ಮಕ್ಕಳು ಮಲಗಿದ ಮೇಲೆಯೇ ಮಾತನಾಡುವುದೆಂದು ನಿರ್ಧರಿಸಿದೆವು. ಇಂದು ಯಾರಾದರೂ ನನ್ನನ್ನು ಒಂದೇ ಒಂದು ಸಲಹೆ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ಕಾಯುತ್ತಿರುವವರು ನೀವು, ಮಕ್ಕಳನ್ನು ಕಾಯಿಸಬೇಡಿ. ಅವರ ಪಾಲಿಗೆ ನಿಮ್ಮೊಂದಿಗಿನ ಬದುಕು ಮೊದಲ ರಾತ್ರಿಯೇ ಶುರುವಾಗಿರುತ್ತದೆ.

ಆ ಮೊದಲ ರಾತ್ರಿಗಳು ಕಷ್ಟದವಾಗಿದ್ದವು. ಸಾಲು ಮಂಚಗಳಲ್ಲಿ, ಹತ್ತಾರು ಮಕ್ಕಳ ಉಸಿರಿನ ನಡುವೆ, ದೀಪದ ಬೆಳಕಿನಲ್ಲಿ ಮಲಗಿ ರೂಢಿಯಾದವರಿಗೆ ನಾವು ಅಕ್ಕರೆಯಿಂದ ಸಿದ್ಧಪಡಿಸಿದ್ದ ಪ್ರತ್ಯೇಕ ಕೋಣೆಯ ಕತ್ತಲೂ ನಿಶ್ಶಬ್ದವೂ ಭಯ ಹುಟ್ಟಿಸಿದವು. ಮೂರನೆಯ ದಿನ ಝೀರೋ ಬಲ್ಬ್ ಹಾಕಿ, ನಾಲ್ವರೂ ಒಂದೇ ಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದೆವು. ಮಗ ನಿದ್ದೆಯಲ್ಲಿ ಆಯಾಳ ಹೆಸರು ಹಿಡಿದು ಅಳುತ್ತಿದ್ದ. ಅವನನ್ನು ಎತ್ತಿಕೊಂಡರೆ ಬೆನ್ನು ಸೆಟೆಸಿ ದೂಡುತ್ತಿದ್ದ, ಕೆಳಗೆ ಬಿಟ್ಟರೆ ಇನ್ನೂ ಜೋರಾಗಿ ಅಳುತ್ತಿದ್ದ. ಪಕ್ಕದಲ್ಲಿ ಕೂತು, ನಾನು ಇಲ್ಲೇ ಇದ್ದೇನೆ ಎಂದು ಮೆಲ್ಲಗೆ ಹೇಳುತ್ತಿರುವುದನ್ನು ಬಿಟ್ಟು ಬೇರೇನೂ ನನಗೆ ತೋಚಲಿಲ್ಲ. ಆ ಅಳುವಿನಿಂದ ನನಗೆ ಆಗ ನೋವಾಗಿತ್ತು. ಯಾರನ್ನಾದರೂ ನೆನೆದು ಅಳಬಲ್ಲ ಮಗುವಿಗೆ ಪ್ರೀತಿಸಲು ಬರುತ್ತದೆ, ಆ ಆಯಾ ಅವನಿಗೆ ಅದನ್ನು ಕಲಿಸಿ ಕಳುಹಿಸಿದ್ದಾಳೆ ಎಂಬುದು ಹೊಳೆಯಲು ಕೆಲವು ವಾರಗಳು ಬೇಕಾದವು.

ಮಗಳ ದಿಂಬಿನ ಕೆಳಗೆ ಒಂದು ಬೆಳಿಗ್ಗೆ ಅರ್ಧ ರೊಟ್ಟಿ, ಎರಡು ಬಿಸ್ಕತ್ತು ಸಿಕ್ಕವು. ಕೇಳಿದರೆ, “ತಮ್ಮಗ ರಾತ್ರಿ ಹಸಿವಾದ್ರ ಬೇಕಲ್ರೀ” ಎಂದಳು. ಆರೂವರೆ ವರ್ಷದ ಹುಡುಗಿ ಅಷ್ಟು ದಿನ ತಮ್ಮನಿಗೆ ತಾಯಿಯಾಗಿದ್ದಳು. ಆ ಜವಾಬ್ದಾರಿಯನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದು ಸರಿಯಲ್ಲವೆಂದು ನಮಗೆ ಅನಿಸಿತು. ಒಂದು ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ, ಬೆಲ್ಲ, ಚುರುಮುರಿ ತುಂಬಿ ಅವಳ ತಲೆದೆಸೆಯಲ್ಲಿಟ್ಟು, ಇದು ನಿನ್ನದು, ದಿನವೂ ನಾನು ತುಂಬುತ್ತೇನೆ, ಯಾವ ಹೊತ್ತಿಗೆ ಬೇಕಾದರೂ ತೆಗೆದುಕೊಳ್ಳಿ ಎಂದೆ. ಮೊದಲ ಹತ್ತು ದಿನ ಡಬ್ಬಿ ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಆಮೇಲೆ ಒಂದು ದಿನ ಹಾಗೆಯೇ ಉಳಿದಿತ್ತು. ಖಾಲಿಯಾಗದ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಾನು ಅಡುಗೆಮನೆಯಲ್ಲಿ ಅತ್ತದ್ದುಂಟು.

ಇನ್ನು ನೆಂಟರ ವಿಷಯ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಮಗ ಯಾರು ಕೈ ಚಾಚಿದರೂ ಹೋಗುತ್ತಿದ್ದ. ಕಿರಾಣಿ ಅಂಗಡಿಯವರ ತೋಳಿಗೆ, ಹಾಲಿನವನ ತೋಳಿಗೆ, ಒಮ್ಮೆ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿನ ತೊಡೆಗೆ. ‘ಎಷ್ಟು ಬೇಗ ಹೊಂದಿಕೊಂಡುಬಿಟ್ಟಿದೆ ಮಗು’ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಅದು ಹೊಂದಾಣಿಕೆಯ ಲಕ್ಷಣವಾಗಿರಲಿಲ್ಲ. ಪಾಳಿಯ ಮೇಲೆ ಬದಲಾಗುವ ಕೈಗಳಲ್ಲಿ ಬೆಳೆದ ಮಗುವಿಗೆ ಎಲ್ಲ ಕೈಗಳೂ ಒಂದೇ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ದಶಕದ ಆರಂಭದಿಂದ, ಶಿಶುಗೃಹಗಳಲ್ಲಿದ್ದ 136 ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದಿದೆ; ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟಾಗ ಅವರು ಹಲವು ರೀತಿಯಲ್ಲಿ ಚೇತರಿಸಿಕೊಂಡರಾದರೂ, ಅಪರಿಚಿತರ ಬಳಿಗೆ ಹಿಂಜರಿಕೆಯಿಲ್ಲದೆ ಹೋಗುವ ಈ ಸ್ವಭಾವ ಅಷ್ಟು ಸುಲಭವಾಗಿ ಮಾಯಲಿಲ್ಲ. ಅದನ್ನು ಮೊದಲೇ ಓದಿಕೊಂಡಿದ್ದರಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು, ಈ ನಾಲ್ಕನ್ನು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಮಾಡಬಾರದು.

ಅತ್ತೆಯವರು ಮೈಸೂರಿನಿಂದ ರೈಲಿನಲ್ಲಿ ಬಂದರು. ಮೊಮ್ಮಕ್ಕಳಿಗಾಗಿ ಹದಿಮೂರು ವರ್ಷ ಕಾದವರು. ಕೈಯಲ್ಲಿ ಚಕ್ಕುಲಿ, ಕೊಬ್ಬರಿ ಮಿಠಾಯಿ, ಎರಡು ಜೊತೆ ಬೆಳ್ಳಿ ಗೆಜ್ಜೆ. ಮಗನನ್ನು ಎತ್ತಿಕೊಳ್ಳಲು ಬಾಗಿದವರನ್ನು ನಾನು ತಡೆದು, ಅತ್ತೆ, ಇನ್ನೂ ಸ್ವಲ್ಪ ದಿನ ಬೇಡಿ ಎಂದಾಗ ಅವರ ಮುಖ ಸಣ್ಣದಾಯಿತು. ಆ ಗಳಿಗೆ ನನಗೆ ಇಂದಿಗೂ ನೋವು ಕೊಡುತ್ತದೆ. ಎರಡು ದಿನ ಅವರು ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಒಂದು ದಾರಿ ಕಂಡುಕೊಂಡರು: ಅಡುಗೆ ಮಾಡಿ, ತುತ್ತು ಕಲಸಿ, ತಟ್ಟೆಯನ್ನು ನನ್ನ ಕೈಗಿಟ್ಟು, “ನೀನು ತಿನ್ನಿಸಮ್ಮ, ನಾನು ಇಲ್ಲಿ ಕೂತು ನೋಡ್ತೀನಿ” ಎಂದರು. ಗೆಜ್ಜೆಯನ್ನೂ ನನ್ನ ಕೈಯಿಂದಲೇ ಹಾಕಿಸಿದರು. ಇಷ್ಟು ದೊಡ್ಡ ತ್ಯಾಗವನ್ನು ಸದ್ದಿಲ್ಲದೆ ಮಾಡಿದ ಅವರಿಗೆ ನಾನು ಋಣಿ. ದತ್ತು ಮಕ್ಕಳನ್ನು ನೋಡಲು ಹೊರಟಿರುವ ಅಜ್ಜ ಅಜ್ಜಿಯರಿಗೂ ಚಿಕ್ಕಪ್ಪ ಚಿಕ್ಕಮ್ಮಂದಿರಿಗೂ ನನ್ನ ಬೇಡಿಕೆ ಇಷ್ಟೇ, ಮೊದಲ ಕೆಲವು ತಿಂಗಳು ನಿಮ್ಮ ಪ್ರೀತಿಯನ್ನು ತಂದೆತಾಯಿಯ ಕೈಯ ಮೂಲಕ ಕೊಡಿ. ನಾಮಕರಣ, ಆರತಿ, ನೂರು ಜನರ ಊಟಗಳನ್ನು ಒಂದು ವರ್ಷ ಮುಂದೆ ಹಾಕಿ. ಚಿತ್ರಗಳನ್ನಂತೂ ಕೇಳಬೇಡಿ, ಪಾಲನಾ ವ್ಯವಸ್ಥೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ.

ಮಗಳೊಂದಿಗೆ ನಂಟು ಬೆಳೆದದ್ದು ಹೇನಿನಿಂದ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಕೇಂದ್ರದಿಂದ ಬರುವಾಗಲೇ ತಲೆತುಂಬ ಹೇನಿತ್ತು. ಮೊದಲೆರಡು ವಾರ ಅವಳು ನನ್ನನ್ನು ಮೈ ಮುಟ್ಟಗೊಡಲಿಲ್ಲ, ತಾನೇ ಸ್ನಾನ ಮಾಡಿಕೊಳ್ಳುತ್ತಿದ್ದಳು, ಬಟ್ಟೆ ಒಗೆಯಲು ನಿಲ್ಲುತ್ತಿದ್ದಳು. ತಲೆಯ ತುರಿಕೆ ತಡೆಯಲಾರದೆ ಒಂದು ಮಧ್ಯಾಹ್ನ ತಾನಾಗಿಯೇ ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆ ಎಳೆ ಬಿಡಿಸುತ್ತಾ ಒಂದೂವರೆ ಗಂಟೆ ಕೂತೆವು. ಮುಖ ನೋಡುವ ಅಗತ್ಯವಿಲ್ಲದ, ಅಪ್ಪಿಕೊಳ್ಳುವ ಒತ್ತಾಯವಿಲ್ಲದ ಆ ಸ್ಪರ್ಶ ಅವಳಿಗೆ ಸಹ್ಯವಾಯಿತೆಂದು ತೋರುತ್ತದೆ. ಅಂದಿನಿಂದ ಅದು ನಮ್ಮ ದಿನಚರಿಯಾಯಿತು. ಕೇಂದ್ರದ ಗೆಳತಿಯರ ಕತೆ, ಮಳೆ ಬಂದರೆ ಸೋರುತ್ತಿದ್ದ ಯಾವುದೋ ಮಾಳಿಗೆಯ ನೆನಪು, ಎಲ್ಲವನ್ನೂ ಗೋಡೆಗೆ ಹೇಳುವಂತೆ ನನಗೆ ಬೆನ್ನು ಮಾಡಿಕೊಂಡೇ ಹೇಳಿದಳು. ಐದನೆಯ ವಾರದಲ್ಲಿ ಬಾಚಣಿಗೆ ಸಿಕ್ಕಿಕೊಂಡಾಗ, “ಅವ್ವಾ, ಹಗೂರ ತಗೀ, ನೋಯ್ತೈತಿ” ಎಂದಳು. ಅದುವರೆಗೆ ಪ್ರತಿ ಮಾತಿನ ಕೊನೆಗೂ ‘ರೀ’ ಹಚ್ಚಿ, ಕೇಂದ್ರಕ್ಕೆ ಬಂದುಹೋಗುವ ಅತಿಥಿಗಳೊಂದಿಗೆ ಮಾತನಾಡುವಂತೆಯೇ ನಮ್ಮೊಂದಿಗೂ ಮಾತನಾಡುತ್ತಿದ್ದ ಮಗು. ಮೈಸೂರು ಕಡೆಯವಳಾದ ನಾನು ‘ಅಮ್ಮ’ ಎಂಬ ಕರೆಗೆ ಕಿವಿ ತೆರೆದು ಕಾದಿದ್ದೆ, ಬಂದದ್ದು ‘ಅವ್ವ’. ಅದನ್ನೇ ಉಳಿಸಿಕೊಂಡೆವು. ಕಾಗದದ ಮೇಲೆ ಬದಲಾಯಿಸಬಹುದಾಗಿದ್ದ ಅವರ ಹೆಸರುಗಳನ್ನೂ ಹಾಗೆಯೇ ಉಳಿಸಿದೆವು.

ಆದರೆ ಇದು ಒಮ್ಮೆ ಹತ್ತಿದರೆ ಮುಗಿಯುವ ಮೆಟ್ಟಿಲಲ್ಲ. ಆರನೆಯ ವಾರದ ಕೊನೆಗೆ ನಮ್ಮ ಯಜಮಾನರು ಹಿಂದಿರುಗಬೇಕಾಯಿತು. ಅಮೆರಿಕದ ಕಾನೂನು ದತ್ತುವಿಗೆ 12 ವಾರಗಳ ರಜೆಯನ್ನು ಕೊಡುತ್ತದೆ, ಅದೂ ಸಂಬಳವಿಲ್ಲದೆ. ಅದರ ಉಳಿದ ಭಾಗವನ್ನು ಮಕ್ಕಳು ಅಲ್ಲಿಗೆ ಬಂದ ಮೇಲಿನ ದಿನಗಳಿಗೆ ಇಟ್ಟುಕೊಳ್ಳಲೇಬೇಕಿತ್ತು. ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವಾರ ಮೊದಲೇ ಹೇಳಿ, ಅಪ್ಪನ ಒಂದು ಅಂಗಿಯನ್ನು ಮಗನ ಹಾಸಿಗೆಯಲ್ಲಿಟ್ಟು, ಮಾಡಬಹುದಾದದ್ದನ್ನೆಲ್ಲ ಮಾಡಿದೆವು. ಆದರೂ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮರಳಿದ ಸಂಜೆ ಮಗಳ ಬಾಯಲ್ಲಿ ‘ರೀ’ ಮರಳಿ ಬಂದಿತ್ತು. ಅಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ, ನಮ್ಮ ಸಂಜೆ ಏಳಕ್ಕೆ ಅವರು ದಿನವೂ ವಿಡಿಯೊ ಕರೆ ಮಾಡುತ್ತಿದ್ದರು. ಮಗ ಹನ್ನೊಂದು ದಿನ ಪರದೆಗೆ ಬೆನ್ನು ಹಾಕಿ ಕೂತ. ಅವರು ಬೇಸರಿಸದೆ ಆ ಬೆನ್ನಿಗೇ ಚಿಗರಿ ಬಸ್ಸಿನ ಕತೆ ಹೇಳಿದರು. ಧಾರವಾಡ, ಹುಬ್ಬಳ್ಳಿಗಳ ನಡುವೆ ಓಡುವ ಆ ಬಸ್ಸೆಂದರೆ ಅವನಿಗೆ ಪ್ರಾಣ. ಹನ್ನೆರಡನೆಯ ದಿನ, ಕತೆಯಲ್ಲಿ ಬಸ್ಸು ನವನಗರ ದಾಟಿತೆಂದಾಗ, ಬೆನ್ನು ತಿರುಗಿಸದೆಯೇ “ಮುಂದ?” ಎಂದ.

ಹೊರಡುವ ಮುನ್ನ ಕೇಂದ್ರಕ್ಕೆ ಹೋಗಿ ವಿದಾಯ ಹೇಳಿಸಬೇಕೆಂದು ನಾನು ಹಟ ಹಿಡಿದೆ. ಹಳೆಯದನ್ನು ಕೆದಕಬೇಡಿ, ಮಕ್ಕಳು ಮರೆಯಲಿ ಎಂದು ಹಲವರು ಹೇಳಿದರು. ಮರೆಯುವುದಿಲ್ಲ, ಹೇಳದೆ ಒಳಗಿಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಆ ಆಯಾ ಕಾಯುತ್ತಿದ್ದಳು. ಮಗನನ್ನು ಎತ್ತಿಕೊಂಡು ಕೆನ್ನೆ ಸವರಿ, “ಇಕಿ ನಿನ್ನ ಅವ್ವ, ಇಕಿ ಕೂಡ ಹೋಗು, ಚಲೋತ್ನ್ಯಾಗ ಇರು” ಎಂದು ಹೇಳಿ, ತಾನೇ ಅವನನ್ನು ನನ್ನ ತೋಳಿಗೆ ದಾಟಿಸಿದಳು. ಅವನು ಅವಳಿಗಾಗಿ ಜೋರಾಗಿ ಅತ್ತ. ಅಳುತ್ತಲೇ ಮುಖವನ್ನು ನನ್ನ ಕುತ್ತಿಗೆಯಲ್ಲಿ ಹುದುಗಿಸಿದ. ಬಾಗಿಲಲ್ಲಿ ನಿಂತಿದ್ದ ಅಡುಗೆಯವರು ಬಾ ಎಂದು ಕೈ ಚಾಚಿದರು, ಅವನು ಹೋಗಲಿಲ್ಲ.