ಸಿನ್ಸಿನಾಟಿಯ ಮೂರು ಪ್ರಶ್ನೆಗಳು

ಪೊಲೀಸರ ಗುಂಡಿಗೆ ಕಪ್ಪುವರ್ಣೀಯರು ಬಲಿಯಾದಾಗಲೆಲ್ಲ ಅಮೆರಿಕದ ಊರುಗಳಲ್ಲಿ 'ಕೂತು ಮಾತಾಡೋಣ' ಎಂಬ ಸಭೆ ಸೇರುತ್ತದೆ. ಮೈಕು, ಕಾಫಿ, ಎರಡು ಗಂಟೆ, ಫೋಟೊ. ಅಲ್ಲಿಗೆ ಮುಗೀತು. ಒಹಾಯೊದ ಸಿನ್ಸಿನಾಟಿಯಲ್ಲಿ ನಡೆದ ಮಾತುಕತೆ ಈ ಥರದ್ದಲ್ಲ. ಅದರ ಬೆನ್ನಿಗೆ ಕೋರ್ಟಿತ್ತು.

2001ರ ಏಪ್ರಿಲ್ 7ರ ನಸುಕಿಗೆ ಅಲ್ಲಿನ ಓವರ್-ದಿ-ರೈನ್ ಬಡಾವಣೆಯ ಓಣಿಯಲ್ಲಿ ತಿಮೋತಿ ಥಾಮಸ್ ಎಂಬ 19ರ ಹುಡುಗ ಪೊಲೀಸ್ ಗುಂಡಿಗೆ ಸತ್ತ. ಕೈಯಲ್ಲಿ ಆಯುಧವಿರಲಿಲ್ಲ. ಅವನ ಮೇಲಿದ್ದ 14 ವಾರಂಟುಗಳಲ್ಲಿ ಹೆಚ್ಚಿನವು ಟ್ರಾಫಿಕ್ ತಪ್ಪುಗಳವು. ಊರು ದಿನಗಟ್ಟಲೆ ಹೊತ್ತಿ ಉರಿಯಿತು. ಜನಾಂಗೀಯ ತಾರತಮ್ಯದ ವಿರುದ್ಧ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಮತ್ತು ಊರಿನ ಕಪ್ಪುವರ್ಣೀಯರ ಸಂಘಟನೆ ಬ್ಲ್ಯಾಕ್ ಯುನೈಟೆಡ್ ಫ್ರಂಟ್ ಅದಾಗಲೇ ಪೊಲೀಸರ ಮೇಲೆ ದಾವೆ ಹೂಡಿದ್ದವು. ಫೆಡರಲ್ ನ್ಯಾಯಾಧೀಶೆ ಸೂಸನ್ ಡ್ಲಾಟ್ ಅದನ್ನು ಮಾತುಕತೆಯ ದಾರಿಗೆ ತಿರುಗಿಸಿ, ಸಂಧಾನ ತಜ್ಞ ಜೇ ರಾಥ್‌ಮನ್ ಅವರ ಕೈಗಿತ್ತರು.

ರಾಥ್‌ಮನ್ ಊರನ್ನು ಎಂಟು ಗುಂಪು ಮಾಡಿದರು. ಕಪ್ಪುವರ್ಣೀಯರು, ಬಿಳಿಯರು, ಯುವಕರು, ವ್ಯಾಪಾರಿಗಳು ಹೀಗೆ. ಠಾಣೆಯ ಸಾಮಾನ್ಯ ಪೊಲೀಸರಿಗೂ ಅವರ ಮನೆಯವರಿಗೂ ಸೇರಿ ಒಂದು ಗುಂಪು. ನನ್ನ ಪ್ರಕಾರ ಜಾಣತನ ಇದ್ದದ್ದೇ ಇಲ್ಲಿ. ಪ್ರಶ್ನೆ ಮೂರೇ: ನಿಮಗೆ ಬೇಕಾದದ್ದೇನು? ಅದು ಯಾಕೆ ನಿಮಗೆ ಮುಖ್ಯ? ಹೇಗೆ ಸಾಧಿಸಬಹುದು? 'ಹೇಗೆ'ಯಿಂದ ಶುರು ಮಾಡಿದ್ದರೆ ಮೊದಲ ಹತ್ತು ನಿಮಿಷಕ್ಕೇ ಜಗಳ. 'ಯಾಕೆ' ಅಂದಾಗ ಮಾತ್ರ ಮಗ ರಾತ್ರಿ ಮನೆ ಸೇರುತ್ತಾನೋ ಇಲ್ಲವೋ ಎಂಬ ತಾಯಿಯ ಭಯವೂ, ಗಂಡ ಡ್ಯೂಟಿ ಮುಗಿಸಿ ಬರುತ್ತಾನೋ ಎಂಬ ಹೆಂಡತಿಯ ಭಯವೂ ಒಂದೇ ಹಾಳೆಗೆ ಬರುತ್ತವೆ. ಸುಮಾರು 3,500 ಜನ ಉತ್ತರ ಕೊಟ್ಟರು. ಪ್ರತಿ ಗುಂಪೂ ಮೊದಲು ತನ್ನೊಳಗೇ ಒಮ್ಮತಕ್ಕೆ ಬಂತು. ಆಮೇಲಷ್ಟೇ ಎಲ್ಲವನ್ನೂ ಬೆಸೆದು ಐದು ಗುರಿ.

2002ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಪೊಲೀಸ್ ಯೂನಿಯನ್ನೂ ಸಹಿ ಹಾಕಿತು. ಪೊಲೀಸರ ಮೇಲಿನ ದೂರು ವಿಚಾರಿಸಲು ಏಳು ನಾಗರಿಕರಿರುವ ಪ್ರಾಧಿಕಾರ ಬಂತು. ಪೊಲೀಸರ ಗುಂಡು ಹಾರಿದರೆ, ಕಸ್ಟಡಿಯಲ್ಲಿ ಸಾವಾದರೆ ಪ್ರಾಧಿಕಾರದ ತನಿಖಾಧಿಕಾರಿಯೂ ಸ್ಥಳಕ್ಕೆ ಹೋಗಬೇಕು. ತನಿಖೆಗೆ 90 ದಿನದ ಗಡುವು. ಆ ವರದಿ ಕೈಸೇರುವ ತನಕ ಪೊಲೀಸ್ ಮುಖ್ಯಸ್ಥರು ಶಿಸ್ತುಕ್ರಮ ಅಂತಿಮಗೊಳಿಸುವ ಹಾಗಿಲ್ಲ. ಇದೊಂದು ಸಾಲು ಇಲ್ಲದಿದ್ದರೆ ಪ್ರಾಧಿಕಾರ ಬರೀ ಅಂಚೆಪೆಟ್ಟಿಗೆ.

ಸಹಿಯಾದ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ. 2003ರಲ್ಲಿ ಬ್ಲ್ಯಾಕ್ ಯುನೈಟೆಡ್ ಫ್ರಂಟೇ ಒಪ್ಪಂದದಿಂದ ಹೊರನಡೆಯಿತು. ಒಪ್ಪಂದದ ಜಾರಿ ನೋಡಿಕೊಳ್ಳುವ ಉಸ್ತುವಾರಿ ತಂಡಕ್ಕೂ ಪೊಲೀಸ್ ಇಲಾಖೆಗೂ ತಿಕ್ಕಾಟವಾಗಿ ವಿಷಯ ಮತ್ತೆ ಕೋರ್ಟಿನ ಮೆಟ್ಟಿಲೇರಿತು. ಕೋರ್ಟಿನ ಕಣ್ಗಾವಲು ಇಲ್ಲದಿದ್ದರೆ ಒಪ್ಪಂದ ಅಲ್ಲೇ ಧೂಳು ತಿನ್ನುತ್ತಿತ್ತು. 'ಸಂವಾದವೇ ಎಲ್ಲ ಮಾಡಿತು' ಅನ್ನುವವರು ಈ ಭಾಗ ಹಾರಿಸಿಬಿಡುತ್ತಾರೆ.

ಇನ್ನೊಂದು ತೂತು ಉಳಿದೇ ಇತ್ತು. 2015ರ ಜುಲೈನಲ್ಲಿ ಮುಂದಿನ ನಂಬರ್ ಪ್ಲೇಟ್ ಇಲ್ಲವೆಂದು ಸ್ಯಾಮ್ ಡುಬೋಸ್ ಅವರ ಕಾರು ನಿಲ್ಲಿಸಿದ ಪೊಲೀಸ್ ಅಧಿಕಾರಿ ಅವರ ತಲೆಗೆ ಗುಂಡಿಟ್ಟ. ನಡೆದದ್ದು ಸಿನ್ಸಿನಾಟಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಹೊರಗೆ, ಊರಿನ ಬೀದಿಯಲ್ಲಿ. ಆದರೆ ಅವನು ನಗರ ಪೊಲೀಸ್ ಅಲ್ಲ, ವಿಶ್ವವಿದ್ಯಾಲಯದ ಸ್ವಂತ ಪೊಲೀಸ್. 2002ರ ಒಪ್ಪಂದ ಆ ಪೊಲೀಸರಿಗೆ ಅನ್ವಯಿಸುತ್ತಿರಲಿಲ್ಲ.