ನೋಡೋಕೆ ಚೆನ್ನಾಗೇ ಇದ್ದೀಯಲ್ಲ!
ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಅಂಗವಿಕಲರ ಸೀಟಿನಲ್ಲಿ ಕೂತರೆ ಸಾಕು, ಯಾರಾದರೂ ಒಬ್ಬ ಕಾಕಾ ಮೇಲಿಂದ ಕೆಳಗೆ ನೋಡುತ್ತಾರೆ. "ವಯಸ್ಸಿನ ಹುಡುಗಿ ಇದ್ದೀಯಲ್ಲವಾ, ಏನಾಗೇತಿ ನಿನಗ?"

ಮಲ್ಟಿಪಲ್ ಸ್ಕ್ಲೆರೋಸಿಸ್ ರೀ ಕಾಕಾ. ನರದ ಮೇಲಿನ ಮಯಲಿನ್ ಹೊದಿಕೆಯನ್ನು ನಮ್ಮದೇ ರೋಗನಿರೋಧಕ ಶಕ್ತಿ ಹಾಳು ಮಾಡುತ್ತದೆ. ಹೊರಗೆ ಏನೂ ಕಾಣಲ್ಲ. ಏಪ್ರಿಲ್ ಬಿಸಿಲಲ್ಲಿ ಸ್ಟಾಪಿನವರೆಗೆ ನಡೆದರೆ ಕಣ್ಣು ಮಂಜಾಗುತ್ತದೆ, ಎಡಗಾಲು ಎಳೆಯುತ್ತದೆ. ಚಪ್ಪಲಿ ಕಳಚಿಕೊಂಡರೂ ಪಾದಕ್ಕೆ ಗೊತ್ತಾಗಲ್ಲ. ಮೈ ತಂಪಾದರೆ ಸ್ವಲ್ಪ ಸರಿಹೋಗುತ್ತದೆ. ಬಸ್ಸಿನ ಎಸಿ ನನಗೆ ಶೋಕಿ ಅಲ್ಲ, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಇದರ ಹೆಸರೂ ಇದೆ. ಕಾಕಾಗೆ ಮಾತ್ರ ಕೈಯಲ್ಲಿ ಕೋಲು ಕಾಣಬೇಕು. ಇಷ್ಟೆಲ್ಲ ಹೇಳಿದ ಮೇಲೆ ಬರೋ ಸಲಹೆ ಏನು ಗೊತ್ತಾ?

"ದಿನಾ ಎಳ್ಳೆಣ್ಣಿ ಹಚ್ಚವಾ, ಹೋಗತೈತಿ."