ಅಡ್ಡ ರಂಗಸ್ಥಳ, ಉದ್ದ ಪರದೆ

ಮುಂಬಯಿಯ ಮಾಟುಂಗಾದಲ್ಲಿ ಯಕ್ಷಗಾನವೆಂದರೆ ವೀಡಿಯೊ ಅಡ್ಡಕ್ಕೇ ತೆಗೆಯಬೇಕು. ಆದರೆ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದದ್ದೇ ತಡ, ಅದರ ಮಂದಿಯನ್ನು ಬಾಚಿಕೊಳ್ಳಲು ಜುಲೈನಲ್ಲಿ ಇನ್‌ಸ್ಟಾ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್! ಎಲ್ಲರಿಗೂ 9:16ರ ಉದ್ದ ಪರದೆಯೇ ಬೇಕು. 1920×1080ರ ಚಿತ್ರ ಕತ್ತರಿಸಿದರೆ ಅಗಲಕ್ಕೆ ಉಳಿಯುವುದು 608 ಪಿಕ್ಸೆಲ್, ಮೂರರಲ್ಲೊಂದು ಪಾಲೂ ಇಲ್ಲ. ಭಾಗವತರಿದ್ದರೆ ಚೆಂಡೆಯವರು ಮಾಯ, ಕೌರವನಿದ್ದರೆ ಭೀಮನ ಗದೆಯಷ್ಟೇ. ಕತ್ತರಿಸದಿದ್ದರೆ ಮೇಲೂ ಕೆಳಗೂ ಕಪ್ಪು ಪಟ್ಟಿ, ನಡುವೆ ಇರುವೆಯಷ್ಟು ವೇಷಗಳು.

ಪೂರ್ತಿ ಆಟದ ಲಿಂಕ್ ಕೊಡೋಣವೆಂದರೆ ಇನ್‌ಸ್ಟಾ ಅಡಿಬರಹದಲ್ಲಿ ಒತ್ತಿದರೂ ತೆರೆಯದು. ಶಾರ್ಟ್ಸ್ ವಿವರಣೆಯಲ್ಲೂ 2023ರ ಆಗಸ್ಟ್ ಕೊನೆಯಿಂದ ಅದೇ ಗತಿ. ಗಿರಾಕಿ ಪಕ್ಕದ ಅಂಗಡಿಗೆ ಕಾಲಿಡಬಾರದಲ್ಲ! ಸಾಲದ್ದಕ್ಕೆ ಬಲಬದಿಯ ಲೈಕ್, ಕಮೆಂಟ್ ಗುಂಡಿಗಳು, ಉಳಿದ ಆ ಒಂದು ಗದೆಯ ಮೇಲೇ.